ಪಿಯಾಜೆ ಪ್ರಯೋಗ ಮಗುವಿನ ಮುಂದೆ: ಹುಣಸೆ ಬೀಜದಿಂದ ರೆಕಾರ್ಡ್ ಬರೆಯುವವರೆಗೆ

ಶಿಕ್ಷಕ ತರಬೇತಿಯ ಬಿ.ಇಡಿ ಮತ್ತು ಡಿ.ಎಲ್.ಇಡಿ ವಿದ್ಯಾರ್ಥಿಗಳ ಮನೋವಿಜ್ಞಾನದ ರೆಕಾರ್ಡ್ (ಪ್ರಯೋಗ ಬರೆದಿಡುವ ಪುಸ್ತಕ) ವಾಪಸ್ ಬರುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. "6 ವರ್ಷದ ಮಗು ತಪ್ಪು ಹೇಳಿತು, 9 ವರ್ಷದ ಮಗು ಸರಿ ಹೇಳಿತು, ಆದ್ದರಿಂದ ಪಿಯಾಜೆಯವರ ಸಿದ್ಧಾಂತ ಸಾಬೀತಾಯಿತು" ಎಂದು ಮೂರು ಸಾಲು ಬರೆದು ಸಹಿ ಹಾಕಿರುತ್ತಾರೆ. ಕೇಳಿದ ಪ್ರಶ್ನೆ ಯಾವುದು, ಮಗು ಏನಂದಿತು, ನೀರನ್ನು ಯಾವ ಲೋಟದಿಂದ ಯಾವ ಲೋಟಕ್ಕೆ ಸುರಿದರು, ಒಂದೂ ಇರುವುದಿಲ್ಲ. ನಿಜವಾಗಿ ಪ್ರಯೋಗ ಮಾಡಿದವರ ರೆಕಾರ್ಡೂ ಗೈಡ್ ನೋಡಿ ನಕಲು ಮಾಡಿದಂತೆ ಕಾಣುತ್ತದೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಶಾಲೆ ಅಂಗನವಾಡಿಗಳಲ್ಲಿ ಕೈಗೆ ಸಿಗುವ ಸಾಮಾನಿನಲ್ಲೇ ಸ್ವಿಸ್ ಮನೋವಿಜ್ಞಾನಿ ಪಿಯಾಜೆಯವರ ಸಂರಕ್ಷಣೆಯ ಮೂರು ಪ್ರಯೋಗ ಮತ್ತು ರಷ್ಯಾದ ಮನೋವಿಜ್ಞಾನಿ ವೈಗಾಟ್ಸ್ಕಿಯವರ ಕಲ್ಪನೆಯ ಒಂದು ಚಟುವಟಿಕೆಯನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದು ಇಲ್ಲಿದೆ. ಸಂರಕ್ಷಣೆ ಎಂದರೆ ಇಷ್ಟೆ: ವಸ್ತುವಿನ ಆಕಾರ ಅಥವಾ ಜೋಡಣೆ ಬದಲಾದರೂ, ಕೂಡಿಸದೆ ಕಳೆಯದೆ ಇದ್ದರೆ ಅದರ ಪ್ರಮಾಣ ಬದಲಾಗುವುದಿಲ್ಲ ಎಂಬ ತಿಳಿವು. ಟಿಇಟಿಯ (ಶಿಕ್ಷಕರ ಅರ್ಹತಾ ಪರೀಕ್ಷೆ) ಶಿಶು ವಿಕಾಸದ 30 ಅಂಕಗಳಿಗೆ ಓದುವವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಒಮ್ಮೆ ಮಗುವಿನ ಬಾಯಿಂದ ಕೇಳಿದ ಮೇಲೆ ಪಿಯಾಜೆ ಹೇಳಿದ ಬೆಳವಣಿಗೆಯ ಹಂತಗಳ ಹೆಸರು ಅದಲುಬದಲಾಗುವುದಿಲ್ಲ.

ಹಂತ 1: ಮಕ್ಕಳನ್ನು ಆರಿಸಿ, ನಿಜವಾದ ವಯಸ್ಸು ಹಿಡಿಯಿರಿ

ನಾಲ್ಕು ಮಕ್ಕಳು ಸಾಕು: ಸುಮಾರು 5, 6, ಏಳೂವರೆ ಮತ್ತು 9 ವರ್ಷದವರು. ಪಿಯಾಜೆ ಪ್ರಕಾರ ಪೂರ್ವ ಕಾರ್ಯಾತ್ಮಕ ಹಂತ (ಕಣ್ಣಿಗೆ ಕಂಡದ್ದನ್ನೇ ನಂಬುವ ಕಾಲ) 2ರಿಂದ 7 ವರ್ಷ, ಮೂರ್ತ ಕಾರ್ಯಾತ್ಮಕ ಹಂತ (ಕಣ್ಣೆದುರಿನ ವಸ್ತುಗಳ ಬಗ್ಗೆ ತರ್ಕ ಮಾಡುವ ಕಾಲ) 7ರಿಂದ 11 ವರ್ಷ. ಆಟ ನಡೆಯುವುದೆಲ್ಲ ಈ 7ರ ಗಡಿಯಲ್ಲಿ. 4 ಮತ್ತು 12 ವರ್ಷದ ಇಬ್ಬರನ್ನು ಮಾತ್ರ ತಂದರೆ ವ್ಯತ್ಯಾಸ ಎದ್ದು ಕಾಣುತ್ತದೆ ನಿಜ, ಆದರೆ ನಡುವೆ ಏನಾಗುತ್ತದೆ ಎಂಬುದೇ ತಪ್ಪಿಹೋಗುತ್ತದೆ.

ಎಡವುವುದು ವಯಸ್ಸಿನಲ್ಲಿ. ಶಾಲೆಯ ದಾಖಲಾತಿ ರಿಜಿಸ್ಟರ್ ತೆರೆದರೆ ಸಾಲಾಗಿ ಜೂನ್ 1 ಹುಟ್ಟಿದ ಮಕ್ಕಳೇ ಸಿಗುವುದುಂಟು. ಅದು ಒಂದನೇ ಇಯತ್ತೆಗೆ ಸೇರಿಸಲು ಬರೆಸಿದ ತಾರೀಖು. ಆರು ತಿಂಗಳ ಏರುಪೇರು ಈ ಪ್ರಯೋಗದಲ್ಲಿ ದೊಡ್ಡದು. ಜನನ ಪ್ರಮಾಣಪತ್ರ ಅಥವಾ ತಾಯಿ ಕಾರ್ಡ್ ಕೇಳಿ. ಅದೂ ಇಲ್ಲವಾದರೆ ಯಾವ ಹಬ್ಬದ ಹಿಂದುಮುಂದು ಹುಟ್ಟಿದ್ದು ಎಂದು ಅವ್ವನನ್ನೋ ಅಜ್ಜಿಯನ್ನೋ ವಿಚಾರಿಸಿ, "ಅಂದಾಜು" ಎಂದೇ ಬರೆಯಿರಿ.

ವಯಸ್ಸನ್ನು ವರ್ಷ ಮತ್ತು ತಿಂಗಳಲ್ಲಿ ತೋರಿಸಬೇಕು. ಹುಟ್ಟಿದ್ದು 2019ರ ಫೆಬ್ರವರಿ 26, ಪ್ರಯೋಗ 2025ರ ನವೆಂಬರ್ 18 ಎಂದಿಟ್ಟುಕೊಳ್ಳಿ; 6 ವರ್ಷ 8 ತಿಂಗಳು ಆಗುತ್ತದೆ. ಇದನ್ನು 6;8 ಎಂದು ಬರೆಯುವುದು ರೂಢಿ. 6.8 ಎಂದು ಚುಕ್ಕಿ ಹಾಕಿದರೆ ದಶಮಾಂಶ ಆಗಿಬಿಡುತ್ತದೆ.

ಮುಖ್ಯಗುರುಗಳ ಅನುಮತಿ ಬರಹದಲ್ಲಿ, ಪಾಲಕರ ಒಪ್ಪಿಗೆ ಕನಿಷ್ಠ ಮಾತಿನಲ್ಲಿ ಬೇಕು. ಧ್ವನಿ ರೆಕಾರ್ಡ್ ಮಾಡುವುದಾದರೆ ಅದನ್ನೂ ಮೊದಲೇ ಹೇಳಿ.

ಹಂತ 2: ಸಾಮಾನು ಕೂಡಿಸಿ, ಹಿಂದಿನ ದಿನವೇ ಪರೀಕ್ಷಿಸಿ

ಹುಣಸೆ ಬೀಜ 16. ಒಂದೊಂದು ಸಾಲಿಗೆ 7, ಮೇಲೆ ಎರಡು ಹೆಚ್ಚಿಗೆ ಇರಲಿ. ನಾಲ್ಕೇ ಬೀಜ ಇಟ್ಟರೆ ಮಗು ಎಣಿಸದೆ ಕಣ್ಣಲ್ಲೇ ಲೆಕ್ಕ ಹಿಡಿಯುತ್ತದೆ. ಹತ್ತು ದಾಟಿದರೆ ಸಣ್ಣ ಮಕ್ಕಳಿಗೆ ಎಣಿಕೆಯೇ ತೊಡಕಾಗುತ್ತದೆ. ಎಲ್ಲ ಬೀಜಗಳ ಗಾತ್ರ ಹೆಚ್ಚುಕಡಿಮೆ ಒಂದೇ ಇರಲಿ.

ಲೋಟ ಮೂರು. ನಮ್ಮ ಮನೆಗಳಲ್ಲಿ ಇರುವುದೆಲ್ಲ ಸ್ಟೀಲು. ಸ್ಟೀಲ್ ಲೋಟದಲ್ಲಿ ನೀರಿನ ಮಟ್ಟ ಹೊರಗಿನಿಂದ ಕಾಣುವುದಿಲ್ಲ, ಹಾಗಾಗಿ ಪ್ರಯೋಗವೇ ಆಗುವುದಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಲೋಟ ಕೊಳ್ಳಿ: ಸುಮಾರು 7 ಸೆಂ.ಮೀ. ಅಗಲದ ಒಂದೇ ನಮೂನೆಯವು ಎರಡು, ನಾಲ್ಕೂವರೆ ಸೆಂ.ಮೀ. ಅಗಲದ ಉದ್ದನೆಯದು ಒಂದು. 150 ಮಿ.ಲೀ. ನೀರು ಅಗಲ ಲೋಟದಲ್ಲಿ 4 ಸೆಂ.ಮೀ. ಹತ್ತಿರ ನಿಲ್ಲುತ್ತದೆ, ಕಿರಿದರಲ್ಲಿ 9 ಸೆಂ.ಮೀ. ದಾಟುತ್ತದೆ. ಇಷ್ಟು ಅಂತರ ಇಲ್ಲದಿದ್ದರೆ ಮಗುವಿಗೆ ಗೊಂದಲವೇ ಆಗುವುದಿಲ್ಲ, ನಿಮಗೆ ಏನೂ ತಿಳಿಯುವುದಿಲ್ಲ. ನೀರಿಗೆ ಬಣ್ಣ ಬೇಕೆಂದು ಕುಂಕುಮ ಹಾಕಬೇಡಿ, ತಳಕ್ಕೆ ಕೂರುತ್ತದೆ. ಎರಡು ಚಮಚ ಕೆಂಪು ಶರಬತ್ತು ಸಾಕು.

ಕಣಕ ಗೋಧಿ ಹಿಟ್ಟಿನದೇ ಆಗಬೇಕು. ರೊಟ್ಟಿಗೆ ನಾದಿದ ಜೋಳದ ಹಿಟ್ಟು ಮನೆಯಲ್ಲಿ ಸಿದ್ಧ ಇರುತ್ತದೆಂದು ಅದನ್ನೇ ತರುವವರುಂಟು. ಜೋಳದ ಹಿಟ್ಟಿಗೆ ಜಿಗುಟಿಲ್ಲ. ಉದ್ದಕ್ಕೆ ಹೊಸೆದ ಕೂಡಲೇ ಬಿರಿದು ಎರಡು ಮೂರು ತುಂಡಾಗುತ್ತದೆ. ಆಗ ಮಗು ತುಂಡು ಎಣಿಸಿ "ಇದರಾಗ ಜಾಸ್ತಿ" ಎನ್ನುತ್ತದೆ. ಅದು ಹಿಟ್ಟಿನ ದೋಷ, ಮಗುವಿನದಲ್ಲ. ಗೋಧಿ ಕಣಕವನ್ನು ಸ್ವಲ್ಪ ಗಟ್ಟಿಯಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ 20 ನಿಮಿಷ ಬಿಡಿ. ನಾದಿದ ಕೂಡಲೇ ತಂದರೆ ಹೊಸೆದ ಉದ್ದ ಮತ್ತೆ ಹಿಂದಕ್ಕೆ ಕುಗ್ಗುತ್ತದೆ. ತಲಾ 50 ಗ್ರಾಂನ ಎರಡು ಉಂಡೆ ಬೇಕು.

ಕೊನೆಗೆ ಕಸಬರಿಗೆ ಕಡ್ಡಿ ಎಂಟು, 8 ಸೆಂ.ಮೀ.ನಿಂದ 15 ಸೆಂ.ಮೀ.ವರೆಗೆ ಒಂದೊಂದು ಸೆಂ.ಮೀ. ಹೆಚ್ಚಿಸುತ್ತ ಕತ್ತರಿಸಿದ್ದು. ಇದು ಹಂತ 9ಕ್ಕೆ.

ಹಂತ 3: ಜಾಗ ಮತ್ತು ಹೊತ್ತು

ಒಂದು ಮಗು, ಒಬ್ಬರು ಕೇಳುವವರು, ಸಾಧ್ಯವಾದರೆ ಬರೆದುಕೊಳ್ಳುವ ಗೆಳತಿ ಅಥವಾ ಗೆಳೆಯ ಒಬ್ಬರು. ಶಾಲೆಯ ಕಟ್ಟೆಯ ಮೇಲೆ ಕೂತರೆ ಕಿಟಕಿಯಿಂದ ನಾಲ್ಕು ತಲೆ ಇಣುಕಿ ಉತ್ತರ ಕೂಗುತ್ತವೆ, ಆಮೇಲೆ ಬರುವ ಮಗು ಅದನ್ನೇ ಒಪ್ಪಿಸುತ್ತದೆ. ಖಾಲಿ ಕೋಣೆ ಕೇಳಿ ಪಡೆಯಿರಿ. ಕುರ್ಚಿ ಬೇಡ, ನೆಲದ ಮೇಲೆ ಚಾಪೆ ಹಾಸಿ ಮಗುವಿನ ಪಕ್ಕಕ್ಕೆ ಕೂರಿ. ಎದುರಿಗೆ ಕೂತರೆ ಮಗು ಬೀಜ ಬಿಟ್ಟು ನಿಮ್ಮ ಮುಖವನ್ನೇ ನೋಡುತ್ತಿರುತ್ತದೆ.

ಮೂರೂ ಪ್ರಯೋಗ ಸೇರಿ 20 ನಿಮಿಷ ಮೀರಬಾರದು. ಬಿಸಿಯೂಟದ ಗಂಟೆಯ ಮುಂಚಿನ ಅರ್ಧ ತಾಸು ಬಿಡಿ, ಯಾವ ಮಗುವಿನ ಲಕ್ಷ್ಯವೂ ಆಗ ನಿಮ್ಮ ಕಡೆ ಇರುವುದಿಲ್ಲ.

ಹಂತ 4: ಮಾತು ತಿಳಿಯುತ್ತದೆಯೇ, ಮೊದಲು ನೋಡಿ

ಈ ಹಂತವನ್ನು ಬಹುತೇಕ ಯಾರೂ ಮಾಡುವುದಿಲ್ಲ. ಅರ್ಧಕ್ಕರ್ಧ ತಪ್ಪು ಇಲ್ಲೇ ಹುಟ್ಟುತ್ತವೆ.

"ಎರಡೂ ಸಾಲುಗಳಲ್ಲಿರುವ ಬೀಜಗಳ ಸಂಖ್ಯೆ ಸಮನಾಗಿದೆಯೇ?" ಎಂದು ಪುಸ್ತಕದ ಕನ್ನಡದಲ್ಲಿ ಕೇಳಿದರೆ ಮುದ್ದೇಬಿಹಾಳ ಕಡೆಯ ಐದು ವರ್ಷದ ಮಗು ಸುಮ್ಮನೆ ತಲೆಯಾಡಿಸುತ್ತದೆ. ಬೆಳಗಾವಿ, ಖಾನಾಪುರದಲ್ಲಿ ಮನೆಮಾತು ಮರಾಠಿ ಇರಬಹುದು, ವಿಜಯಪುರ ಊರೊಳಗೆ ದಖನಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಮಗು ಮನೆಯಲ್ಲಿ ಆಡುವ ಮಾತು ನಿಮಗೆ ಬರದಿದ್ದರೆ ಬರುವವರನ್ನು ಕೂರಿಸಿಕೊಳ್ಳಿ, ಪ್ರಶ್ನೆಯನ್ನು ಮೊದಲೇ ಅವರಿಗೆ ಬಾಯಿಪಾಠ ಮಾಡಿಸಿ. ಆ ಕ್ಷಣಕ್ಕೆ ಅವರು ತಮ್ಮ ಮನಸ್ಸಿಗೆ ಬಂದಂತೆ ತಿರುಗಿಸಿ ಕೇಳಿದರೆ "ಹೌದಲ್ಲ?" ಎಂಬ ಬಾಲ ಅಂಟಿಕೊಳ್ಳುತ್ತದೆ.

ಪರೀಕ್ಷೆ ಸರಳ. ಒಂದು ಕಡೆ 2 ಬೀಜ, ಇನ್ನೊಂದು ಕಡೆ 6 ಇಟ್ಟು "ಯಾವ ಕಡೆ ಜಾಸ್ತಿ ಅದಾವು?" ಎನ್ನಿ. ಆಮೇಲೆ 3 ಮತ್ತು 3 ಇಟ್ಟು "ಸಮಾ ಅದಾವೇನು, ಒಂದು ಕಡೆ ಜಾಸ್ತಿ ಅದಾವೇನು?" ಎನ್ನಿ. ಎರಡಕ್ಕೂ ಸರಿ ಉತ್ತರ ಬಂದರೆ ಮುಂದುವರಿಯಿರಿ. ಬರದಿದ್ದರೆ ಆ ಮಗುವಿನ ಮುಂದಿನ ಯಾವ ಉತ್ತರವನ್ನೂ ಸಂರಕ್ಷಣೆ ಇಲ್ಲವೆಂಬುದಕ್ಕೆ ಪುರಾವೆಯಾಗಿ ಬಳಸುವಂತಿಲ್ಲ.

ಹಂತ 5: ಬೀಜದ ಸಾಲು

1. ನಿಮ್ಮ 7 ಬೀಜ ಒಂದು ಸಾಲಿಗೆ, ನಡುವೆ ಎರಡು ಬೆರಳಿನಷ್ಟು ಅಂತರ. ಪ್ರತಿ ಬೀಜದ ಎದುರಿಗೆ ಒಂದೊಂದು ಇಡಲು ಮಗುವಿಗೇ ಹೇಳಿ. ನೀವೇ ಇಟ್ಟುಕೊಟ್ಟರೆ ಸಮ ಎಂಬ ನಂಬಿಕೆ ಮಗುವಿನದಾಗುವುದಿಲ್ಲ.

2. ಕೇಳಿ: "ಇಬ್ಬರ ಕಡೇನೂ ಸಮಾ ಅದಾವೇನು, ಇಲ್ಲಾ ಒಬ್ಬರ ಕಡೆ ಜಾಸ್ತಿ ಅದಾವೇನು?" ಮಗು ಸಮ ಎಂದು ಒಪ್ಪುವವರೆಗೆ ಮುಂದೆ ಹೋಗಬೇಡಿ. ಈ ಒಪ್ಪಿಗೆ ಇಲ್ಲದಿದ್ದರೆ ಮುಂದಿನದೆಲ್ಲ ವ್ಯರ್ಥ.

3. ಮಗು ನೋಡುತ್ತಿರುವಾಗಲೇ ನಿಮ್ಮ ಸಾಲನ್ನು ಅಗಲಿಸಿ, ಎರಡೂ ತುದಿ ಮಗುವಿನ ಸಾಲಿಗಿಂತ ಹೊರಗೆ ಹೋಗಬೇಕು. ಬಾಯಿ ಮುಚ್ಚಿಕೊಂಡು ಮಾಡಿ. "ಈಗ ನೋಡು ಏನಾಗ್ತೈತಿ" ಎಂದರೆ ಏನೋ ಆಗಿದೆ ಎಂದು ಹೇಳಿಕೊಟ್ಟ ಹಾಗೆ.

4. ಅದೇ ಪ್ರಶ್ನೆ, ಅದೇ ಧ್ವನಿ. ಹತ್ತು ಸೆಕೆಂಡು ಕಾಯಿರಿ.

5. ಉತ್ತರ ಏನೇ ಬರಲಿ, "ಹೆಂಗ ಗೊತ್ತಾತು?" ಎನ್ನಿ. ಸರಿ ಉತ್ತರಕ್ಕೂ ಕೇಳಬೇಕು. ತಪ್ಪಿಗೆ ಮಾತ್ರ ಕಾರಣ ಕೇಳಿದರೆ ಎರಡನೇ ಪ್ರಯೋಗದ ಹೊತ್ತಿಗೆ ಮಗುವಿಗೆ ನಿಮ್ಮ ಗುಟ್ಟು ಗೊತ್ತಾಗಿರುತ್ತದೆ.

6. ಎದುರು ಮಾತು ಹಾಕಿ. ಮಗು ಸಮ ಎಂದಿದ್ದರೆ: "ಒಬ್ಬ ಹುಡುಗ ಈ ಸಾಲು ಉದ್ದ ಐತಿ, ಇದರಾಗ ಜಾಸ್ತಿ ಅಂತಾನ. ನೀ ಏನಂತಿ?" ಜಾಸ್ತಿ ಎಂದಿದ್ದರೆ: "ಒಬ್ಬ ಹುಡುಗ ಹೊಸಾ ಬೀಜ ಇಟ್ಟೇ ಇಲ್ಲ, ಸಮಾ ಅದಾವು ಅಂತಾನ." ಗಟ್ಟಿಯಾಗಿ ತಿಳಿದ ಮಗು ಅಲುಗುವುದಿಲ್ಲ. "ಟೀಚರ್ ಅಂತಾರ" ಎಂದು ಮಾತ್ರ ಹೇಳಬೇಡಿ, ದೊಡ್ಡವರ ಹೆಸರಿಗೆ ಎಲ್ಲ ಮಕ್ಕಳೂ ಬಾಗುತ್ತಾರೆ.

ಐದು ವರ್ಷದ ಮಗು ಎರಡೂ ಸಾಲು ಬೆರಳಿಟ್ಟು ಎಣಿಸಿ, ಏಳು ಏಳು ಎಂದು ಹೇಳಿ, ಆಮೇಲೂ "ಅಕ್ಕಾರ, ನಿಮ್ಮು ಜಾಸ್ತಿ ಅದಾವು, ಉದ್ದ ಹೋಗ್ಯಾವು" ಎನ್ನಬಹುದು. ಇದನ್ನು ತಪ್ಪೆಂದು ಹೊಡೆದು ಹಾಕುವವರೇ ಹೆಚ್ಚು. ರೆಕಾರ್ಡಿಗೆ ಇದಕ್ಕಿಂತ ಒಳ್ಳೆಯ ಸಾಲು ಸಿಗುವುದಿಲ್ಲ: ಎಣಿಸಲು ಬರುವುದು ಬೇರೆ, ಸಂಖ್ಯೆ ಉಳಿಯುತ್ತದೆಂದು ತಿಳಿಯುವುದು ಬೇರೆ. ಒಂದೇ ಗುಣಕ್ಕೆ, ಇಲ್ಲಿ ಉದ್ದಕ್ಕೆ, ಮಗುವಿನ ಗಮನ ಕಚ್ಚಿಕೊಳ್ಳುವುದನ್ನೇ ಪಿಯಾಜೆ ಏಕಕೇಂದ್ರೀಕರಣ ಎಂದು ಕರೆದದ್ದು.

ಹಂತ 6: ನೀರು

ಕ್ರಮ ಅದೇ, ಮೂರು ಕಡೆ ಎಚ್ಚರ ಬೇಕು.

ಮೊದಲನೆಯದು, ಎರಡೂ ಅಗಲ ಲೋಟಗಳಲ್ಲಿ ನೀರು ಸಮ ಮಾಡುವ ಕೆಲಸ ಮಗುವಿಗೆ ಬಿಡಿ. ಚಮಚ ಕೊಡಿ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕೆಲವು ಮಕ್ಕಳು ಒಪ್ಪುವುದಿಲ್ಲ, ಅವಸರ ಮಾಡಬೇಡಿ.

ಎರಡನೆಯದು, ಸುರಿಯುವ ಮುಂಚೆ ಖಾಲಿ ಉದ್ದ ಲೋಟ ತೋರಿಸಿ "ಇದರಾಗ ಹಾಕಿದ್ರ ನೀರು ಎಲ್ಲೀತನಕ ಬರ್ತೈತಿ?" ಎಂದು ಕೇಳಿ, ಬೆರಳಿಂದ ತೋರಿಸಲು ಹೇಳಿ. ಚಿಕ್ಕವರು ಹಳೆಯ ಮಟ್ಟವನ್ನೇ ತೋರಿಸಬಹುದು. ಕೆಲವರು ಮೇಲೇರುತ್ತದೆ ಎಂದು ಸರಿಯಾಗಿ ತೋರಿಸಿ, ಸುರಿದ ಮೇಲೆ "ಈಗ ಜಾಸ್ತಿ ಆತು" ಎನ್ನುತ್ತಾರೆ. ಎರಡೂ ಬರೆದುಕೊಳ್ಳಿ.

ಮೂರನೆಯದು, ಒಂದು ಹನಿಯೂ ಚೆಲ್ಲಬಾರದು. ಚೆಲ್ಲಿದರೆ "ಕಡಿಮಿ ಆತು" ಎಂಬ ಉತ್ತರವೇ ಸರಿ! ಚೆಲ್ಲಿದ ಪ್ರಯೋಗ ಲೆಕ್ಕಕ್ಕಿಲ್ಲ, ಮೊದಲಿನಿಂದ ಮಾಡಿ.

ಪ್ರಶ್ನೆ "ಕುಡ್ಯಾಕ ಇಬ್ಬರಿಗೂ ಸಮಾ ಐತೇನು, ಒಬ್ಬರಿಗೆ ಜಾಸ್ತಿ ಐತೇನು?" ಎಂದಿರಲಿ. "ಯಾವ ನೀರು ದೊಡ್ಡದು?" ಎಂದರೆ ಮಗು ಎತ್ತರದ ಬಗ್ಗೆ ಉತ್ತರಿಸುತ್ತದೆ, ಅದರ ತಪ್ಪೇನಿಲ್ಲ.

ಹಂತ 7: ಕಣಕ

ಎರಡು ಉಂಡೆ ಸಮ ಎಂದು ಒಪ್ಪಿಸಿ, ಒಂದನ್ನು ಗೇಣುದ್ದ ಹೊಸೆಯಿರಿ, ಪ್ರಶ್ನೆ ಕೇಳಿ, ಕಾರಣ ಕೇಳಿ, ಎದುರು ಮಾತು ಹಾಕಿ. ಆಮೇಲೆ ಮತ್ತೆ ಉಂಡೆ ಮಾಡಿ ಇನ್ನೊಮ್ಮೆ ಕೇಳಿ.

ಸಂಖ್ಯೆ ಮೊದಲು, ನೀರು ಮತ್ತು ಕಣಕ ಆಮೇಲೆ ಎಂಬ ಕ್ರಮಕ್ಕೆ ಕಾರಣವಿದೆ. ಸಂಖ್ಯೆಯ ಸಂರಕ್ಷಣೆ ಸುಮಾರು 6ರ ಹೊತ್ತಿಗೆ, ನೀರು ಕಣಕದ್ದು 7ರ ಸುತ್ತ, ತೂಕದ್ದು 9ರ ಸುತ್ತ, ಗಾತ್ರದ್ದು (ವಸ್ತು ಹಿಡಿಯುವ ಜಾಗ) 11-12ಕ್ಕೆ ಬರುತ್ತದೆ. ಬೀಜದಲ್ಲಿ ಸರಿ ಹೇಳಿದ ಮಗು ನೀರಿನಲ್ಲಿ ತಪ್ಪಿದರೆ ನಿಮ್ಮ ಪ್ರಯೋಗ ಕೆಟ್ಟಿಲ್ಲ.

ಮಗುವಿನ ಮನೆಯ ಕೆಲಸವನ್ನೂ ಒಂದು ಸಾಲು ಬರೆದಿಡಿ. ಮೆಕ್ಸಿಕೋದಲ್ಲಿ ಕುಂಬಾರರ ಮಕ್ಕಳು ಮಣ್ಣಿನ ಪ್ರಮಾಣದ ಸಂರಕ್ಷಣೆಯನ್ನು ಉಳಿದ ಮಕ್ಕಳಿಗಿಂತ ಮುಂಚೆ ತೋರಿಸಿದರೆಂದು 1969ರ ಅಧ್ಯಯನವೊಂದು ಹೇಳಿತು. ಮನೆಯಲ್ಲಿ ದಿನಾ ಹಾಲು ಅಳೆದು ಹಾಕುವ ಹುಡುಗಿ ನೀರಿನ ಪ್ರಯೋಗದಲ್ಲಿ ತನ್ನ ವಯಸ್ಸಿಗಿಂತ ಮುಂದಿದ್ದರೆ ಆ ಸಾಲು ಕೆಲಸಕ್ಕೆ ಬರುತ್ತದೆ.

ಹಂತ 8: ಕಾರಣ ನೋಡಿ ವಿಂಗಡಿಸಿ

ಸರಿ, ತಪ್ಪು ಎಂದು ಎರಡೇ ಕಾಲಂ ಮಾಡುವುದು ಅತಿ ಸಾಮಾನ್ಯ ತಪ್ಪು. "ಸಮಾ" ಎಂಬ ಉತ್ತರ ಅಂದಾಜಿನಲ್ಲೂ ಬರುತ್ತದೆ. ಹಂತ ನಿರ್ಧಾರವಾಗುವುದು ಕಾರಣದ ಮೇಲೆ, ಅದು ಮೂರು ಬಗೆಯದು:

"ಸುಮ್ನ ದೂರ ದೂರ ಇಟ್ಟೀರಿ, ಹೊಸಾವು ಹಾಕಿಲ್ಲಲ್ಲ." ಕೂಡಿಸಿಲ್ಲ, ಕಳೆದಿಲ್ಲ, ಅದೇ ವಸ್ತು. ಇದು ಅನನ್ಯತೆ.

"ತಿರುಗಿ ಅದರಾಗ ಹಾಕಿದ್ರ ಅಷ್ಟಽ ಆಕ್ಕೈತಿ." ಮಾಡಿದ್ದನ್ನು ಮನಸ್ಸಿನಲ್ಲೇ ಹಿಂದಕ್ಕೆ ತಿರುಗಿಸಿತು, ಇದು ವಿಪರ್ಯಯತೆ.

"ಎತ್ತರ ಐತಿ, ಆದ್ರ ಸಪೂರ ಐತಿ." ಒಂದು ಅಳತೆ ಏರಿದ್ದನ್ನು ಇನ್ನೊಂದು ಸರಿದೂಗಿಸಿತು, ಇದು ಸರಿದೂಗಿಕೆ.

ಸಮ ಎಂದು ಹೇಳಿ, ಮೂರರಲ್ಲಿ ಒಂದು ಕಾರಣ ಕೊಟ್ಟು, ಎದುರು ಮಾತಿಗೂ ಜಗ್ಗದಿದ್ದರೆ ಸಂರಕ್ಷಣೆ ಇದೆ. ಸಮ ಎಂದು ಕಾರಣ ಹೇಳಲಾಗದೆ, ಅಥವಾ ಎದುರು ಮಾತಿಗೆ ಅತ್ತಿತ್ತ ಓಲಾಡಿದರೆ ಸಂಕ್ರಮಣದಲ್ಲಿದೆ. ಉದ್ದ, ಎತ್ತರ ನೋಡಿ ಜಾಸ್ತಿ ಎಂದೇ ನಿಂತರೆ ಇನ್ನೂ ಬಂದಿಲ್ಲ. ಏಳೂವರೆ ವರ್ಷದ ಮಗು ನಡುವಿನ ಗುಂಪಿಗೆ ಬಿದ್ದರೆ ಅದನ್ನು ಹಾಗೇ ಬಿಡಿ, ಎಳೆದು ಯಾವುದೋ ಒಂದು ಕಡೆ ಕೂರಿಸಬೇಡಿ.

ಮಾರ್ಗದರ್ಶಕರು ಮೌಖಿಕದಲ್ಲಿ ಕೇಳುವ ಇನ್ನೊಂದು ಪ್ರಶ್ನೆಗೂ ಇಲ್ಲೇ ಸಿದ್ಧರಾಗಿ: ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದ್ದರಿಂದಲೇ ಮಗು ಉತ್ತರ ಬದಲಿಸಿತೆ? ಈ ಶಂಕೆ ಹೊಸದಲ್ಲ. ರೋಸ್ ಮತ್ತು ಬ್ಲಾಂಕ್ 1974ರಲ್ಲಿ ಮೊದಲ ಪ್ರಶ್ನೆ ಬಿಟ್ಟು, ಬದಲಾವಣೆಯ ನಂತರ ಒಮ್ಮೆ ಮಾತ್ರ ಕೇಳಿದಾಗ ಮಕ್ಕಳ ತಪ್ಪು ಕಡಿಮೆಯಾಯಿತು. ಅದೇ ವರ್ಷ ಮೆಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್ 4ರಿಂದ 6 ವರ್ಷದ 80 ಮಕ್ಕಳ ಮುಂದೆ ತುಂಟ ಗೊಂಬೆ ಕರಡಿಯೊಂದು ಸಾಲು ಕೆಡಿಸುವಂತೆ ಮಾಡಿದರು. ದೊಡ್ಡವರು ಬೇಕೆಂದೇ ಕೆಡಿಸಿದಾಗಿನದಕ್ಕಿಂತ ಬಹಳ ಹೆಚ್ಚು ಮಕ್ಕಳು ಸಮ ಎಂದರು. ನಿಮಗೆ ಇನ್ನಿಬ್ಬರು ಆರು ವರ್ಷದ ಮಕ್ಕಳು ಸಿಕ್ಕರೆ ಒಬ್ಬರಿಗೆ ಈ ಗೊಂಬೆಯ ರೀತಿ ಮಾಡಿ. ಒಂದೇ ಮಗುವಿಗೆ ಅದೇ ದಿನ ಎರಡೂ ರೀತಿ ಬೇಡ, ಮೊದಲನೆಯದರ ಕಲಿಕೆ ಎರಡನೆಯದಕ್ಕೆ ಅಂಟುತ್ತದೆ. ಇಬ್ಬರಿಂದ ಏನೂ ಸಾಬೀತಾಗುವುದಿಲ್ಲ, ಆದರೆ ಪ್ರಶ್ನೆಯ ರೀತಿ ಉತ್ತರವನ್ನು ಮುಟ್ಟುತ್ತದೆಂಬ ಚರ್ಚೆಗೆ ಆಧಾರ ಸಿಗುತ್ತದೆ.

ಹಂತ 9: ಕಡ್ಡಿ ಜೋಡಣೆ, ಸಹಾಯದ ಮೆಟ್ಟಿಲು

ವೈಗಾಟ್ಸ್ಕಿಯವರ ಸಮೀಪಸ್ಥ ವಿಕಾಸ ವಲಯವೆಂದರೆ ಮಗು ಒಂಟಿಯಾಗಿ ಮಾಡುವುದಕ್ಕೂ, ಬಲ್ಲವರ ನೆರವಿನಲ್ಲಿ ಮಾಡುವುದಕ್ಕೂ ನಡುವಿನ ಅಂತರ. ಅಳೆಯಬೇಕಾದರೆ ಮೊದಲು ಒಂಟಿಯಾಗಿ ಬಿಡಲೇಬೇಕು. ಎಂಟು ಕಡ್ಡಿ ಕಲಸಿಟ್ಟು "ಸಣ್ಣದ್ರಿಂದ ದೊಡ್ಡದರತನಕ ಸಾಲಾಗಿ ಇಡು" ಎಂದು ಎರಡು ನಿಮಿಷ ಸುಮ್ಮನಿರಿ. ಆಗದಿದ್ದರೆ ಒಂದೊಂದೇ ಮೆಟ್ಟಿಲು:

1. "ಎಲ್ಲಕ್ಕಿಂತ ಸಣ್ಣದು ಯಾವುದು, ಹುಡುಕು."
2. "ಉಳಿದಿದ್ದರಾಗ ಈಗ ಸಣ್ಣದು ಯಾವುದು?"
3. ಕಡ್ಡಿಗಳ ಬುಡ ಒಂದೇ ಗೆರೆಗೆ ಹಿಡಿದು ಹೋಲಿಸುವುದನ್ನು ತೋರಿಸಿ.
4. ಮೊದಲ ಮೂರು ನೀವೇ ಇಟ್ಟು, ಮುಂದಿನದು ಮಗುವಿಗೆ.

ಯಾವ ಮೆಟ್ಟಿಲಿನಲ್ಲಿ ಮಗು ಮುಂದೆ ಸಾಗಿತು ಎಂಬುದೇ ಫಲಿತಾಂಶ. ಸಾಗಿದ ಕೂಡಲೇ ಕೈ ಹಿಂದೆ ತೆಗೆಯಿರಿ, ಕಡ್ಡಿ ಮತ್ತೆ ಕಲಸಿ, ನೆರವಿಲ್ಲದೆ ಮಾಡಿಸಿ. ಎಂಟೂ ಕಡ್ಡಿ ತಾವೇ ಜೋಡಿಸಿ "ಸ್ಕ್ಯಾಫೋಲ್ಡಿಂಗ್ ನೀಡಲಾಯಿತು" ಎಂದು ಬರೆಯುವುದು ಮಾಮೂಲಿಯಾಗಿದೆ. ಮನೆ ಕಟ್ಟುವಾಗಿನ ಸಾರವೆಯಂತೆ, ತೆಗೆಯದಿದ್ದರೆ ಅದು ನೆರವಲ್ಲ. ಟಿಇಟಿಗೆ ಓದುವವರು ನೆನಪಿಡಿ: ವಲಯದ ಕಲ್ಪನೆ ವೈಗಾಟ್ಸ್ಕಿಯವರದು, ಸ್ಕ್ಯಾಫೋಲ್ಡಿಂಗ್ ಎಂಬ ಹೆಸರನ್ನು ಈ ಅರ್ಥದಲ್ಲಿ ಬಳಕೆಗೆ ತಂದದ್ದು ವುಡ್, ಬ್ರೂನರ್ ಮತ್ತು ರಾಸ್, 1976ರಲ್ಲಿ.

ಹಂತ 10: ನಿಲ್ಲಿಸಬೇಕಾದ ಸೂಚನೆಗಳು

ಮಗು ಪ್ರತಿ ಸಲ ನೀವು ಕೊನೆಗೆ ಹೇಳಿದ ಆಯ್ಕೆಯನ್ನೇ ಹೇಳುತ್ತಿದೆಯೇ? ಪ್ರಶ್ನೆಯನ್ನು ತಿರುಗಿಸಿ, "ಜಾಸ್ತಿ ಅದಾವೇನು, ಸಮಾ ಅದಾವೇನು" ಎನ್ನಿ. ಉತ್ತರವೂ ತಿರುಗಿದರೆ ಮಗು ಬೀಜವನ್ನು ನೋಡುತ್ತಿಲ್ಲ, ನಿಮ್ಮ ಮಾತಿನ ಬಾಲ ಹಿಡಿದಿದೆ. ಉತ್ತರಿಸುವ ಮುಂಚೆ ಮುಖ ನೋಡುವುದು, ಧ್ವನಿ ಇಳಿಯುವುದು, ಅಂಗಿಯ ಅಂಚು ಜಗ್ಗುವುದು ಕಂಡರೆ ಬಿಡಿ, ಬೇರೆ ದಿನ ಬನ್ನಿ.

ಇನ್ನೊಂದು ಗಂಭೀರ ವಿಷಯ. ಸಂರಕ್ಷಣೆಯಲ್ಲಿ ತಪ್ಪಿದ ಮಗು ಹಿಂದುಳಿದದ್ದಲ್ಲ. "ಮಂದಬುದ್ಧಿ" ಎಂಬ ಪದ ರೆಕಾರ್ಡಿನಲ್ಲಿ ಎಲ್ಲೂ ಬರಕೂಡದು, ಪಾಲಕರ ಕಿವಿಗಂತೂ ಬೀಳಲೇಕೂಡದು. ಆದರೆ ಹೆಸರು ಕರೆದರೆ ತಿರುಗದ ಮಗು, ಮೊದಲು ಆಡುತ್ತಿದ್ದ ಮಾತು ಈಗ ಬಿಟ್ಟಿರುವ ಮಗು ಕಣ್ಣಿಗೆ ಬಿದ್ದರೆ ನೀವು ಹೆಸರಿಡಲು ಹೋಗದೆ ಅಂಗನವಾಡಿ ಕಾರ್ಯಕರ್ತೆಗೋ ಮುಖ್ಯಗುರುಗಳಿಗೋ ತಿಳಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಶಾಲೆಗಳಿಗೆ ತಪಾಸಣೆಗೆ ಬರುತ್ತದೆ; ಮುಂದಿನ ದಾರಿ ಅವರ ಮೂಲಕ.

ಹಂತ 11: ರೆಕಾರ್ಡ್ ಬರೆಯುವುದು

ಅದೇ ದಿನ ರಾತ್ರಿ ಬರೆಯಿರಿ. ಮಗುವಿನ ಹೆಸರು ಬೇಡ, "ಮಗು ಅ, 6;8, ಹೆಣ್ಣು, ಮನೆಮಾತು ಲಂಬಾಣಿ" ಸಾಕು. ಪುಟದ ಎಡಕ್ಕೆ ಕಂಡದ್ದು ಕೇಳಿದ್ದು, ಬಲಕ್ಕೆ ನಿಮ್ಮ ಅರ್ಥ. "ಮಗುವಿಗೆ ಗೊಂದಲವಾಯಿತು" ಎಡಕ್ಕೆ ಬರುವಂತಿಲ್ಲ. "ಎರಡೂ ಲೋಟ ನೋಡಿತು, ನಾಲ್ಕು ಸೆಕೆಂಡು ಸುಮ್ಮನಿತ್ತು, ಉದ್ದ ಲೋಟ ಮುಟ್ಟಿತು" ಎಂಬುದು ಎಡದ ಸಾಲು. ಮಗುವಿನ ಮಾತನ್ನು ಆಡಿದ ಹಾಗೇ ಬರೆಯಿರಿ, ಗ್ರಂಥಭಾಷೆಗೆ ತಿದ್ದಬೇಡಿ. "ಸಪೂರ ಐತಿ" ಎಂದದ್ದನ್ನು "ವ್ಯಾಸ ಕಡಿಮೆಯಿದೆ" ಎಂದು ಬದಲಿಸಿದರೆ ಆರು ವರ್ಷದ ಮಗು ಮಾತಾಡಿದ್ದೆಂದು ಯಾರೂ ನಂಬುವುದಿಲ್ಲ.

ಉಳಿದ ಸಿದ್ಧಾಂತಗಳನ್ನು ತಂದು ತುರುಕಬೇಡಿ. ವ್ಯಕ್ತಿತ್ವದ ಬೆಳವಣಿಗೆಯ ಬಗ್ಗೆ ಬರೆದ ಎರಿಕ್‌ಸನ್ ಪ್ರಕಾರ 6ರಿಂದ 12 ವರ್ಷದ ಸಂಘರ್ಷ ಪರಿಶ್ರಮ ಮತ್ತು ಕೀಳರಿಮೆಯ ನಡುವಿನದು, ಸರಿ. ಇಪ್ಪತ್ತು ನಿಮಿಷದ ಬೀಜದಾಟದಲ್ಲಿ ಅದು ಕಾಣುವುದಿಲ್ಲ. ನೈತಿಕ ಬೆಳವಣಿಗೆಯ ಹಂತಗಳನ್ನು ಹೇಳಿದ ಕೋಲ್‌ಬರ್ಗ್ ಸೇರಿಸಲೇಬೇಕಿದ್ದರೆ ಬೇರೆ ದಿನ, ಬೇರೆ ಕಥೆಯೊಂದಿಗೆ (ಹೆಂಡತಿಯನ್ನು ಉಳಿಸಲು ಗಂಡ ಔಷಧ ಕದಿಯಬೇಕೇ ಎಂಬಂಥದ್ದು) ಮಾಡಿ. ಅಲ್ಲಿಯೂ ಹಂತ ತೀರ್ಮಾನವಾಗುವುದು ಮಗು ಕದಿಯಬೇಕು ಎಂದಿತೋ ಬಾರದು ಎಂದಿತೋ ಎಂಬುದರಿಂದಲ್ಲ, ಕೊಟ್ಟ ಕಾರಣದಿಂದ. ತಾಯಿ ಮಗುವಿನ ಬಾಂಧವ್ಯ ನೋಡುವ ಐನ್ಸ್‌ವರ್ತ್ ಅವರ ಅಪರಿಚಿತ ಸನ್ನಿವೇಶವನ್ನು ಮಾತ್ರ ಮನೆಯಲ್ಲಿ ಮಾಡಿ ನೋಡಬೇಡಿ: ವರ್ಷದ ಕೂಸನ್ನು ಅವ್ವನಿಂದ ಬಿಡಿಸಿ ಅಳಿಸುವುದು ತರಬೇತಿ ಇಲ್ಲದವರ ಕೆಲಸವಲ್ಲ.

ಕೊನೆಯ ಪುಟದಲ್ಲಿ ಮಿತಿಗಳನ್ನು ಬರೆಯಿರಿ: ಮಕ್ಕಳು ನಾಲ್ಕೇ, ವಯಸ್ಸು ಎಲ್ಲಿ ಅಂದಾಜು, ಯಾವ ಪ್ರಯೋಗದಲ್ಲಿ ನೀರು ಚೆಲ್ಲಿತು, ಯಾರ ಪ್ರಶ್ನೆಯನ್ನು ದುಭಾಷಿ ಕೇಳಿದರು. "ಸಾಬೀತಾಯಿತು" ಬಿಟ್ಟು "ಈ ಮಕ್ಕಳಲ್ಲಿ ಹೀಗೆ ಕಂಡಿತು" ಎನ್ನಿ. ಧ್ವನಿ ಫೈಲನ್ನು ಮೌಖಿಕ ಪರೀಕ್ಷೆ ಮುಗಿಯುವವರೆಗೆ ಇಟ್ಟುಕೊಂಡು, ಆಮೇಲೆ ಮೊಬೈಲಿನಿಂದ ಅಳಿಸಿ, ಅಳಿಸಿದ್ದನ್ನು ಪಾಲಕರಿಗೆ ತಿಳಿಸಿ.